ಊರವರು ಯಾರು, ಪರಸ್ಥಳದವರು ಯಾರು?
(ಮಿಯಾಪುರದ ನಮ್ಮ ಸಂಘದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ರಾಜ್ಯೋತ್ಸವದ ದಿನ ಮಾತಿಗೆ ನಿಂತವರು ಕದಂಬರಿಂದ ಹೊರಟು ವಿಜಯನಗರದವರೆಗೆ ಬಂದು ಮುಗಿಸುವುದು ವಾಡಿಕೆ. ಆ ವೈಭವವನ್ನು ನನಗಿಂತ ಸೊಗಸಾಗಿ ಬಣ್ಣಿಸಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲೆಯೇ ಇದ್ದಾರೆ. ನಾನು ವಿದ್ವಾಂಸನಲ್ಲ, ಬಿ.ಕಾಂ. ಓದಿ, ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತಿರುವ ಒಬ್ಬ ಗುಮಾಸ್ತ. ಆದಕಾರಣ ನನಗೆ ಗೊತ್ತಿರುವ ಮಾತನ್ನು, ಎಂದರೆ ಅನ್ನದ ಮಾತನ್ನು, ಆಡಬೇಕೆಂದು ಕಾರ್ಯದರ್ಶಿಗಳ ಅಪ್ಪಣೆ ಪಡೆದು ನಿಂತಿದ್ದೇನೆ.

ನಮ್ಮ ಸಂಘದ ಮುಂದೆ ಈಗ ಒಂದು ಠರಾವು ಇದೆ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಕನ್ನಡದ ಮಕ್ಕಳಿಗೆ ಕೆಲಸ ಸಿಕ್ಕುತ್ತಿಲ್ಲವೆಂದೂ, ಸ್ಥಳೀಯರಿಗೆ ಹುದ್ದೆ ಮೀಸಲಿಡುವ ಕಾಯಿದೆಯನ್ನು ಕರ್ನಾಟಕ ಸರ್ಕಾರ ಕೂಡಲೆ ಜಾರಿಗೆ ತರಬೇಕೆಂದೂ ನಾವು ಬರೆದು ಕಳಿಸಬೇಕೆಂಬುದು ಅದರ ಸಾರಾಂಶ. ಠರಾವು ತಂದ ಮಿತ್ರರ ಕನ್ನಡ ಪ್ರೇಮದಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಸಹಿ ಹಾಕುವ ಮುನ್ನ ಕಾಗದವನ್ನು ಪೂರ್ತಿಯಾಗಿ ಓದಬೇಕೆಂಬುದು ನನ್ನ ಕಸುಬು ನನಗೆ ಕಲಿಸಿದ ಅಭ್ಯಾಸ. ಆ ಕಾಗದವನ್ನು ನಿಮ್ಮೊಡನೆ ಓದುವುದಷ್ಟೇ ಈ ಭಾಷಣದ ಉದ್ದೇಶ.

ಮೊದಲನೆಯದಾಗಿ, ದೂರು ಸುಳ್ಳೆ? ಸುಳ್ಳಲ್ಲ. ನಮ್ಮ ಬೀದರ, ಕಲಬುರಗಿ, ರಾಯಚೂರುಗಳ ಕಡೆಯ ಹುಡುಗರು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿಗೋ ಈ ಹೈದರಾಬಾದಿಗೋ ಕೆಲಸಕ್ಕೆ ಅಲೆಯುವುದನ್ನು ನಾವೆಲ್ಲ ಕಂಡಿದ್ದೇವೆ. ಕನ್ನಡ ಮಾತನಾಡುವವನಿಗೆ ಕೆಲಸವಿಲ್ಲವೆಂದು ಯಾವ ಕಂಪನಿಯೂ ಬಾಗಿಲಿಗೆ ಹಲಗೆ ತೂಗುಹಾಕುವುದಿಲ್ಲ. ಆದರೆ ಹಲಗೆಯಿಲ್ಲದೆಯೂ ಬಾಗಿಲು ಮುಚ್ಚಬಹುದು. ಅದು ಹೇಗೆ ಮುಚ್ಚುತ್ತದೆಂಬುದನ್ನು ತಿಳಿಯದೆ ನಾವು ಬರಿದೆ ಕೂಗಾಡಿದರೆ ಪ್ರಯೋಜನವಿಲ್ಲ.

ಈ ಉದ್ಯಮದಲ್ಲಿ ಹೊಸಬರು ಬಹುಪಾಲು ಕಾಲೇಜಿನ ಅಂಗಳದಲ್ಲಿಯೇ ಆರಿಸಲ್ಪಡುತ್ತಾರೆ. ಕಂಪನಿಯವರು ಯಾವ ಕಾಲೇಜಿಗೆ ಹೋಗುತ್ತಾರೋ ಅಲ್ಲಿಯ ಮಕ್ಕಳಿಗೆ ಬಾಗಿಲು ತೆರೆಯಿತು. ಅವರ ಕಾರು ಹೋಗದ ಊರಿನ ಮಕ್ಕಳು ಎಷ್ಟೇ ಅಂಕ ಪಡೆದಿದ್ದರೂ ಹೊರಗೇ ಉಳಿದರು. ಎರಡನೆಯದು ಒಳಗಿನವರ ಶಿಫಾರಸು. ಕೆಲಸದಲ್ಲಿರುವವನು ತನಗೆ ಪರಿಚಯವಿದ್ದವರ ಹೆಸರು ಕೊಟ್ಟು, ಅವರು ನೇಮಕವಾದರೆ ಕಂಪನಿಯಿಂದ ಬಹುಮಾನ ಪಡೆಯುವ ಪದ್ಧತಿಯೇ ಅಲ್ಲಿ ಉಂಟು. ಮನುಷ್ಯನಿಗೆ ಪರಿಚಯವಿರುವುದು ತನ್ನ ಊರಿನವರು, ತನ್ನ ಭಾಷೆಯವರು. ಮೊದಲು ಯಾರು ಬಂದು ಕುಳಿತರೋ ಅವರ ಕಡೆಯವರೇ ಅವರ ಹಿಂದೆ ಸಾಲುಗಟ್ಟುತ್ತಾರೆ. ಮೂರನೆಯದು ಸಂದರ್ಶನದ ಇಂಗ್ಲಿಷು. ವಿಷಯ ಬಲ್ಲ ಹುಡುಗನೂ ಉಚ್ಚಾರಣೆಯಲ್ಲಿ ತಡವರಿಸಿದರೆ ‘ಸಂವಹನ ಸಾಮರ್ಥ್ಯ ಸಾಲದು’ ಎಂಬ ಒಂದೇ ಷರಾ ಅವನ ಕಾಗದದ ಮೇಲೆ ಬೀಳುತ್ತದೆ. ಆ ಷರಾದ ಮೇಲೆ ಅಪೀಲು ಇಲ್ಲ.

ನನ್ನ ಬಂಧುಗಳಲ್ಲಿ ಒಬ್ಬ ಹುಡುಗ ಹುಮನಾಬಾದಿನ ಕನ್ನಡ ಶಾಲೆಯಲ್ಲಿ ಓದಿ, ಮುಂದೆ ಕಂಪ್ಯೂಟರ್ ವಿಜ್ಞಾನದಲ್ಲಿ ಪದವಿ ಪಡೆದವನು. ಬೆಂಗಳೂರಿನ ಒಂದು ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ಅವನಿಗೆ ಒಳ್ಳೆಯ ಸ್ಥಾನ ಬಂದಿತು. ಸಂದರ್ಶನಕ್ಕೆ ಕುಳಿತ ಮೂವರೂ ತಮ್ಮತಮ್ಮಲ್ಲಿ ಹಿಂದಿಯಲ್ಲಿ ಮಾತನಾಡಿಕೊಳ್ಳುತ್ತ, ಇವನನ್ನು ನಡುನಡುವೆ ಹಿಂದಿಯಲ್ಲಿಯೇ ವಿಚಾರಿಸಿದರಂತೆ. ಇವನಿಗೆ ನಮ್ಮ ಕಡೆಯ ದಖನಿ ಮಾತು ಬರುತ್ತದೆಯೇ ಹೊರತು ಅವರ ಹಿಂದಿ ಬರುವುದಿಲ್ಲ. ಅವರು ನಕ್ಕರು, ಇವನು ಹೊರಗೆ ಬಂದನು. ಅವರು ನಕ್ಕುದು ದ್ವೇಷದಿಂದಲ್ಲವೆಂದೇ ಇಟ್ಟುಕೊಳ್ಳೋಣ. ಕರ್ನಾಟಕದ ರಾಜಧಾನಿಯಲ್ಲಿ ಕರ್ನಾಟಕದ ಹುಡುಗನಿಗೆ, ಆ ಕೆಲಸಕ್ಕೆ ಏನೇನೂ ಬೇಡವಾದ ಒಂದು ಭಾಷೆ ಅಡ್ಡಗೋಡೆಯಾಯಿತಲ್ಲ, ಅದೇ ಅನ್ಯಾಯ. ಈ ಅನ್ಯಾಯಕ್ಕೆ ಸಾಕ್ಷಿಯಿಲ್ಲ, ರಸೀದಿಯಿಲ್ಲ. ಆದುದರಿಂದಲೇ ಅದು ಬಗೆಹರಿಯದೆ ಉಳಿದಿದೆ.

ಈ ವ್ಯಥೆ ಇಂದಿನದೂ ಅಲ್ಲ. ಬೆಂಗಳೂರಿಗೆ ಮೊದಲು ಬಂದ ದೊಡ್ಡ ಕಾರ್ಖಾನೆಗಳೆಂದರೆ 1940ರ ಹಿಂದೂಸ್ಥಾನ್ ವಿಮಾನ ಕಾರ್ಖಾನೆ, 1948ರ ಟೆಲಿಫೋನ್ ಕಾರ್ಖಾನೆ, 1953ರ ಎಚ್.ಎಂ.ಟಿ., 1954ರ ಭಾರತ್ ಎಲೆಕ್ಟ್ರಾನಿಕ್ಸ್. ಇವುಗಳಲ್ಲಿ ಕನ್ನಡಿಗರಿಗೆ ತಕ್ಕ ಪಾಲು ಸಿಕ್ಕಲಿಲ್ಲವೆಂಬ ಕೂಗು ಆಗಲೇ ಎದ್ದಿತ್ತು. 1982ರ ಗೋಕಾಕ್ ಚಳವಳಿ ಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಕುರಿತು ಹುಟ್ಟಿದುದಾದರೂ, ಅದರ ಬಿಸಿ ನೌಕರಿಯ ಪ್ರಶ್ನೆಗೂ ತಟ್ಟಿತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ, ಧಾರವಾಡದಿಂದ ನಾಲ್ಕು ಬಾರಿ ಲೋಕಸಭೆಗೆ ಆರಿಸಿ ಹೋಗಿ ಕೇಂದ್ರದಲ್ಲಿ ಮಂತ್ರಿಣಿಯೂ ಆಗಿದ್ದ ಡಾ. ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. 1986ರಲ್ಲಿ ಆ ಸಮಿತಿ 58 ಶಿಫಾರಸುಗಳ ಅಂತಿಮ ವರದಿಯನ್ನು ಒಪ್ಪಿಸಿತು. ರಾಜ್ಯದ ಉದ್ಯಮಗಳ ಹುದ್ದೆಗಳೆಲ್ಲವೂ ಕನ್ನಡಿಗರಿಗೆ ಇರಬೇಕು. ಕೇಂದ್ರ ಸರ್ಕಾರದ ಉದ್ಯಮಗಳಲ್ಲಿಯೂ ಕೆಳಗಿನ ಎರಡು ದರ್ಜೆಗಳ ಹುದ್ದೆಗಳು ಪೂರ್ತಿಯಾಗಿ, ಮೇಲಿನ ದರ್ಜೆಗಳಲ್ಲಿ ಬಹುಭಾಗ ಕನ್ನಡಿಗರಿಗೇ ಸಲ್ಲಬೇಕು ಎಂಬುದು ಅದರ ತಿರುಳು. ಹದಿನೈದು ವರ್ಷ ಕರ್ನಾಟಕದಲ್ಲಿ ನೆಲೆಸಿ ಕನ್ನಡ ಬಲ್ಲವರೇ ಕನ್ನಡಿಗರೆಂದು ಎಣಿಸುವ ಪದ್ಧತಿ ಈ ವರದಿಯ ಹೆಸರಿನಲ್ಲಿಯೇ ಪ್ರಸಿದ್ಧವಾಯಿತು.

ವರದಿಗೆ ಅಂಗೀಕಾರವೇನೋ ದೊರೆಯಿತು. ಬಹುಪಾಲು ಕಾಗದದ ಮೇಲೆ. ಅಷ್ಟರಲ್ಲಿ ಕಾಲವೇ ಮಗ್ಗುಲು ಬದಲಿಸಿತು. ವರದಿ ಸರ್ಕಾರದ ಕಾರ್ಖಾನೆಗಳನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರೆ, ನೌಕರಿಗಳು ಖಾಸಗಿ ಸಾಫ್ಟ್‌ವೇರ್ ಕಚೇರಿಗಳ ಕಡೆಗೆ ಸರಿಯತೊಡಗಿದುವು. ಎಲೆಕ್ಟ್ರಾನಿಕ್ ಸಿಟಿಯನ್ನು ಕಟ್ಟಿದ್ದು ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ. ಅದಕ್ಕೆ ನೆಲ ಬಿಟ್ಟುಕೊಟ್ಟವರು ಕನ್ನಡದ ರೈತರು. ಪುಣೆಯಲ್ಲಿ ಹುಟ್ಟಿದ ಇನ್ಫೋಸಿಸ್ 1983ರಲ್ಲಿ ಬೆಂಗಳೂರಿಗೆ ಬಂದಿತು. 1985ರಲ್ಲಿ ಅಮೆರಿಕೆಯ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದಿತು. 1991ರ ಬಳಿಕ ಬಂದವರಿಗೆ ಲೆಕ್ಕವೇ ಇಲ್ಲ. ಮಹಿಷಿ ವರದಿಯ ಬೀಗ ಹಳೆಯ ಬಾಗಿಲಿಗೆ ಹಾಗೆಯೇ ತೂಗುತ್ತಿದ್ದಿತು. ಜನರು ಓಡಾಡಿದ್ದು ಹೊಸ ಬಾಗಿಲಲ್ಲಿ. ಡಾ. ಮಹಿಷಿಯವರು 2015ರ ಜನವರಿಯಲ್ಲಿ ತೀರಿಕೊಂಡರು; ಅವರ ವರದಿ ಪೂರ್ಣವಾಗಿ ಜಾರಿಯಾದುದನ್ನು ಕಾಣುವ ಭಾಗ್ಯ ಅವರಿಗೆ ಲಭಿಸಲಿಲ್ಲ.

ಇನ್ನು ಠರಾವಿನಲ್ಲಿ ಹೇಳಿರುವ ಕಾಯಿದೆಗೆ ಬರೋಣ. 2024ರ ಜುಲೈ 15ರಂದು ಕರ್ನಾಟಕದ ಮಂತ್ರಿಮಂಡಲ ಒಂದು ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಾರ್ಖಾನೆ, ಕಂಪನಿಗಳಲ್ಲಿ ಆಡಳಿತ ವರ್ಗದ ಹುದ್ದೆಗಳಲ್ಲಿ ಶೇಕಡಾ 50, ಉಳಿದವುಗಳಲ್ಲಿ ಶೇಕಡಾ 70 ಸ್ಥಳೀಯರಿಗೆ. ತಪ್ಪಿದರೆ 10,000 ರೂಪಾಯಿಯಿಂದ 25,000 ರೂಪಾಯಿಯವರೆಗೆ ದಂಡ. ಅರ್ಹ ಸ್ಥಳೀಯರು ಸಿಕ್ಕದಿದ್ದರೆ ಮೂರು ವರ್ಷದೊಳಗೆ ಅವರನ್ನು ತರಬೇತುಗೊಳಿಸಬೇಕೆಂಬ ಮಾತೂ ಅದರಲ್ಲಿ ಇದ್ದಿತು. ಸುದ್ದಿ ಹೊರಬಿದ್ದ ಕೂಡಲೆ ಉದ್ಯಮಿಗಳಿಂದ ಕೋಲಾಹಲವೆದ್ದಿತು. ಸಾಫ್ಟ್‌ವೇರ್ ಕಂಪನಿಗಳ ಒಕ್ಕೂಟವಾದ ನಾಸ್ಕಾಂ, ಮಸೂದೆಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದಿತು. ನೆರೆಯ ಆಂಧ್ರದ ಮಂತ್ರಿ ನಾರಾ ಲೋಕೇಶರು, ನಿಮಗೆ ಅಲ್ಲಿ ಕಷ್ಟವಾದರೆ ವಿಶಾಖಪಟ್ಟಣಕ್ಕೆ ಬನ್ನಿರೆಂದು ಅವರಿಗೆ ಆಗಲೇ ಕರೆಯೋಲೆ ಕಳಿಸಿದರು. ಜುಲೈ 17ರಂದು ಕರ್ನಾಟಕ ಸರ್ಕಾರ ಮಸೂದೆಯನ್ನು ತಡೆಹಿಡಿಯಿತು. ಎರಡು ದಿನದ ಆಯುಸ್ಸು!

ಈಗ ಆ ಮಸೂದೆಯಲ್ಲಿ ‘ಸ್ಥಳೀಯ’ ಎಂಬುದಕ್ಕೆ ಬರೆದ ಅರ್ಥವನ್ನು ನೋಡೋಣ. ಮಹನೀಯರೆ, ಇಲ್ಲಿ ಸ್ವಲ್ಪ ಲಕ್ಷ್ಯವಿಟ್ಟು ಕೇಳಬೇಕು. ಸ್ಥಳೀಯನೆಂದರೆ ಕರ್ನಾಟಕದಲ್ಲಿ ಹುಟ್ಟಿದವನು, ಅಲ್ಲಿ ಹದಿನೈದು ವರ್ಷ ನೆಲೆಸಿದವನು, ಕನ್ನಡವನ್ನು ಮಾತನಾಡಲು, ಓದಲು, ಬರೆಯಲು ಬಲ್ಲವನು. ಪ್ರೌಢಶಾಲೆಯಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಓದಿರಬೇಕು. ಇಲ್ಲವಾದರೆ ಕನ್ನಡದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು.

ಈ ಸಭೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ಮಕ್ಕಳನ್ನು ಒಮ್ಮೆ ನೋಡಿ. ಈಗತಾನೆ ನಾಡಗೀತೆ ಹಾಡಿದವರು ಇವರೇ. ಇವರಲ್ಲಿ ಬಹುಮಂದಿ ಹುಟ್ಟಿದ್ದು ಮಿಯಾಪುರ, ಚಂದಾನಗರ, ಲಿಂಗಂಪಲ್ಲಿಗಳ ಆಸ್ಪತ್ರೆಗಳಲ್ಲಿ. ಓದುತ್ತಿರುವುದು ಇಲ್ಲಿಯ ಶಾಲೆಗಳಲ್ಲಿ. ತೆಲಂಗಾಣದ 2018ರ ಕಾಯಿದೆಯಂತೆ ಶಾಲೆಯಲ್ಲಿ ತೆಲುಗು ಕಡ್ಡಾಯ. ಮನೆಯಲ್ಲಿ ಕನ್ನಡ ಮಾತನಾಡುತ್ತಾರೆ. ಓದುವುದು ಬರೆಯುವುದು ಎಷ್ಟು ಮಂದಿಗೆ ಬರುತ್ತದೆಂಬುದನ್ನು ತಾಯಿತಂದೆಗಳೇ ಬಲ್ಲರು. ನಾವು ಜಾರಿಗೆ ತನ್ನಿರೆಂದು ಬೇಡಿಕೊಳ್ಳುವ ಆ ಕಾಯಿದೆಯ ಕಣ್ಣಿನಲ್ಲಿ ಈ ಮಕ್ಕಳು ಯಾರು? ಪರಸ್ಥಳದವರು. ಬೆಂಗಳೂರಿನ ಕಂಪನಿಯ ಬಾಗಿಲಲ್ಲಿ ಇವರು ಬಿಹಾರದ ಹುಡುಗನ ಪಕ್ಕದಲ್ಲಿ, ಅದೇ ಸಾಲಿನಲ್ಲಿ ನಿಲ್ಲಬೇಕು. ಕನ್ನಡ ಪರೀಕ್ಷೆಯನ್ನು ಪಾಸುಮಾಡಿ ತೋರಿಸಿದರೂ, ಹುಟ್ಟಿದ ಊರನ್ನು ತಿದ್ದಿ ಬರೆಯುವುದು ಯಾರಿಂದ ಸಾಧ್ಯ? ಕಾಸರಗೋಡಿನ ಕನ್ನಡದ ಮಗು, ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳ ಕನ್ನಡದ ಮಗು ಇವರೆಲ್ಲರ ಗತಿಯೂ ಇದೇ. ಕನ್ನಡಿಗರಿಗಾಗಿ ಬರೆದ ಕಾಯಿದೆ, ಗಡಿಯಾಚೆಯ ಕನ್ನಡಿಗನನ್ನು ಕನ್ನಡಿಗನೆಂದು ಒಪ್ಪದು.

ನಾವು ಈ ನಗರದಲ್ಲಿ ಕುಳಿತು ಈ ಪ್ರಶ್ನೆಯನ್ನು ವಿಚಾರಿಸುತ್ತಿರುವುದಕ್ಕೆ ಇನ್ನೊಂದು ಅರ್ಥವಿದೆ. ‘ಊರವರಿಗೇ ನೌಕರಿ’ ಎಂಬ ಮಾತನ್ನು ಹೈದರಾಬಾದಿನಷ್ಟು ದೀರ್ಘವಾಗಿ, ಕಷ್ಟಪಟ್ಟು ಅನುಭವಿಸಿದ ನಗರ ದೇಶದಲ್ಲಿ ಮತ್ತೊಂದಿಲ್ಲ. 1919ರಲ್ಲಿ ನಿಜಾಮರ ಫರ್ಮಾನಿನಂತೆ ಮುಲ್ಕಿ ನಿಯಮಗಳು ಹುಟ್ಟಿದುವು. ಮುಲ್ಕ್ ಎಂದರೆ ನಾಡು. ಮುಲ್ಕಿ ಎಂದರೆ ನಾಡಿಗ. ಸಂಸ್ಥಾನದಲ್ಲಿ ಹುಟ್ಟಿದವನು, ಅಥವಾ ಹದಿನೈದು ವರ್ಷ ನೆಲೆಸಿ ಇಲ್ಲಿಯೇ ಇರುವೆನೆಂದವನು ಮುಲ್ಕಿ. ಸರ್ಕಾರಿ ನೌಕರಿ ಅವನಿಗೆ. ಹದಿನೈದು ವರ್ಷದ ಲೆಕ್ಕವನ್ನು ನೀವು ಗಮನಿಸಿರಬಹುದು. 1919ರ ಹೈದರಾಬಾದಿನಲ್ಲಿಯೂ ಅದೇ, ಮಹಿಷಿ ವರದಿಯ ಲೆಕ್ಕದಲ್ಲಿಯೂ ಅದೇ, 2024ರ ಬೆಂಗಳೂರಿನಲ್ಲಿಯೂ ಅದೇ.

ಅಂದಿನ ಮುಲ್ಕಿಗಳು ಯಾರು? ತೆಲುಗರು, ಮರಾಠಿಗರು, ಉರ್ದು ಮಾತಿನವರು ಮತ್ತು ನಾವು! ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ನಮ್ಮ ಅಜ್ಜಂದಿರು ಈ ನಗರದಲ್ಲಿ ಮುಲ್ಕಿಗಳಾಗಿದ್ದರು. ಉರ್ದು ಕಲಿತು, ಉಸ್ಮಾನಿಯಾದಲ್ಲಿ ಓದಿ, ಇಲ್ಲಿಯ ಕಚೇರಿಗಳಲ್ಲಿ ಹಕ್ಕಿನಿಂದ ಕೆಲಸ ಮಾಡಿದರು. ಕಾಚಿಗುಡದ ನೃಪತುಂಗ ಶಾಲೆಯಂಥ ಕನ್ನಡ ಸಂಸ್ಥೆಗಳು ಈ ನಗರದಲ್ಲಿ ಬೇರೂರಿದ್ದು ಇಂಥ ಕನ್ನಡಿಗರಿಂದಲೇ. 1956ರ ನವೆಂಬರ್ 1ರಂದು, ನಾವು ಇಂದು ಉತ್ಸವ ಮಾಡುತ್ತಿರುವ ಆ ಶುಭದಿನದಂದೇ, ಮೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದುವು. ಬಹುಕಾಲದ ಆಸೆ ಫಲಿಸಿತು; ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ದಿನದಿಂದ ಹೈದರಾಬಾದು ನಮಗೆ ಬೇರೆ ರಾಜ್ಯದ ನಗರವಾಯಿತು. ಜನ ಬದಲಾಗಲಿಲ್ಲ, ದಾರಿ ಬದಲಾಗಲಿಲ್ಲ. ಪಟಾಂಚೆರು, ಸಂಗಾರೆಡ್ಡಿ, ಜಹೀರಾಬಾದ್ ದಾಟಿದರೆ ಅಂದಿಗೂ ಇಂದಿಗೂ ಬೀದರವೇ. ಗೆರೆಯೊಂದು ಸರಿಯಿತು, ಅಜ್ಜ ಊರವನಾಗಿದ್ದಲ್ಲಿ ಮೊಮ್ಮಗ ಹೊರಗಿನವನಾದನು.

ಮುಲ್ಕಿ ನಿಯಮದ ಮುಂದಿನ ಕಥೆ ಸುಖದ್ದಲ್ಲ. 1952ರಲ್ಲಿ ‘ನಾನ್ ಮುಲ್ಕಿ ಹೋಗಿರಿ’ ಎಂಬ ಕೂಗು ಎದ್ದು, ಸೆಪ್ಟೆಂಬರ್ ತಿಂಗಳಲ್ಲಿ ಸಿಟಿ ಕಾಲೇಜಿನ ಬಳಿ ಪೊಲೀಸರ ಗುಂಡಿಗೆ ವಿದ್ಯಾರ್ಥಿಗಳು ಬಲಿಯಾದರು. 1956ರಲ್ಲಿ ಆಂಧ್ರ ಮತ್ತು ತೆಲಂಗಾಣದ ನಾಯಕರು ಸಜ್ಜನರ ಒಪ್ಪಂದ ಮಾಡಿಕೊಂಡು ನೌಕರಿಯ ರಕ್ಷಣೆಗೆ ಮಾತು ಕೊಟ್ಟರು. 1969ರಲ್ಲಿ ಆ ಮಾತು ಉಳಿಯಲಿಲ್ಲವೆಂದು ತೆಲಂಗಾಣ ಹೊತ್ತಿ ಉರಿಯಿತು. ಅದೇ ವರ್ಷ ಸುಪ್ರೀಂ ಕೋರ್ಟು ಈ ಪ್ರದೇಶದ ನಿವಾಸದ ನಿಯಮವನ್ನು ತಳ್ಳಿಹಾಕಿತು. 1972ರಲ್ಲಿ ಮುಲ್ಕಿ ನಿಯಮ ಸಿಂಧುವೆಂದಿತು. ಆಗ ಆಂಧ್ರದ ಕಡೆ ಬೆಂಕಿ ಬಿದ್ದಿತು. 1973ರಲ್ಲಿ ಸಂವಿಧಾನವನ್ನೇ ತಿದ್ದಿ 371-ಡಿ ವಿಧಿಯನ್ನು ಸೇರಿಸಿದರು. 1975ರಲ್ಲಿ ರಾಷ್ಟ್ರಪತಿಗಳ ಆಜ್ಞೆ ಹೊರಟಿತು. ಕಡೆಗೆ 2014ರ ಜೂನ್ 2ರಂದು ರಾಜ್ಯವೇ ಎರಡಾಯಿತು. ಒಂದೇ ಭಾಷೆಯಾಡುವ ಅಣ್ಣತಮ್ಮಂದಿರು ನೌಕರಿಯ ಪಾಲಿನ ಮೇಲೆ ಬೇರೆಯಾದರು. ನೀರು, ನಿಧಿ, ನೌಕರಿ ಎಂಬ ಮೂರು ಮಾತೇ ತೆಲಂಗಾಣ ಹೋರಾಟದ ಮಂತ್ರವಾಗಿದ್ದುದು ನಿಮಗೆ ತಿಳಿದೇ ಇದೆ. ಆದ್ದರಿಂದ ಊರವರ ದೂರನ್ನು ಸಂಕುಚಿತ ಬುದ್ಧಿಯೆಂದು ತಳ್ಳಿಬಿಡುವವರಿಗೆ ನಾನು ಹೇಳುವುದಿಷ್ಟೆ: ತಳ್ಳಿಬಿಟ್ಟ ದೂರು ಸಾಯುವುದಿಲ್ಲ, ನೆಲದೊಳಗೆ ಬೇರು ಬಿಡುತ್ತದೆ.

ಇಷ್ಟು ಅನುಭವದಿಂದ ಹೈದರಾಬಾದು ಒಂದು ಜಾಣತನವನ್ನು ಕಲಿಯಿತು. ತೆಲಂಗಾಣದ 2018ರ ರಾಷ್ಟ್ರಪತಿಗಳ ಆಜ್ಞೆಯಲ್ಲಿ ಸರ್ಕಾರಿ ಹುದ್ದೆಗಳ ಶೇಕಡಾ 95 ಭಾಗ ಸ್ಥಳೀಯರಿಗೆ ಮೀಸಲು. ಆದರೆ ಸ್ಥಳೀಯನನ್ನು ಗುರುತಿಸುವುದು ಮುಖ್ಯವಾಗಿ ಶಾಲೆಯಿಂದ: ಒಂದರಿಂದ ಏಳನೆಯ ತರಗತಿಯವರೆಗೆ ಕನಿಷ್ಠ ನಾಲ್ಕು ವರ್ಷ ಯಾವ ಪ್ರದೇಶದಲ್ಲಿ ಓದಿದನೋ ಅಲ್ಲಿಯವನು. ತಾಯಿಯ ಭಾಷೆ ಯಾವುದು, ತಂದೆಯ ಊರು ಯಾವುದು ಎಂದು ಅಲ್ಲಿ ಕೇಳುವುದಿಲ್ಲ. ಮಿಯಾಪುರದಲ್ಲಿ ಅಕ್ಷರ ಕಲಿತ ನಮ್ಮ ಮಗು, ಮನೆಯಲ್ಲಿ ಕನ್ನಡವಾಡಿದರೂ, ಈ ರಾಜ್ಯದ ಲೆಕ್ಕದಲ್ಲಿ ಊರಿನ ಮಗುವೇ. ಪರರ ನಾಡು ನಮಗೆ ಇಷ್ಟು ಮಟ್ಟಿಗೆ ಬಾಗಿಲು ತೆರೆದಿರುವಾಗ, ನಮ್ಮ ನಾಡು ಬರೆಯುವ ಕಾಯಿದೆ ಇದಕ್ಕಿಂತ ಕಿರಿದಾಗಿರಬಾರದು ಎಂಬುದು ನನ್ನ ಮೊದಲನೆಯ ಮಾತು.

ಎರಡನೆಯ ಮಾತು ನ್ಯಾಯಾಲಯದ್ದು. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಸ್ಥಳದಿಂದಾಗಲಿ ನಿವಾಸದಿಂದಾಗಲಿ ಭೇದ ಮಾಡಬಾರದೆಂದು ಸಂವಿಧಾನದ 16ನೆಯ ವಿಧಿ ಹೇಳುತ್ತದೆ. ನಿವಾಸದ ಷರತ್ತನ್ನು ಹಾಕುವ ಅಧಿಕಾರ ಪಾರ್ಲಿಮೆಂಟಿಗೆ ಮಾತ್ರ ಉಂಟು, ರಾಜ್ಯದ ಶಾಸನಸಭೆಗೆ ಇಲ್ಲ. ನಮ್ಮ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ 371-ಜೆ ವಿಧಿಯಿಂದ ದೊರೆತ ಮೀಸಲಾತಿ ನಿಂತಿರುವುದು ಪಾರ್ಲಿಮೆಂಟು ಸಂವಿಧಾನವನ್ನೇ ತಿದ್ದಿದ್ದರಿಂದ. ಖಾಸಗಿ ಕಂಪನಿಗಳ ವಿಷಯದಲ್ಲಿ ಆಂಧ್ರ ಪ್ರದೇಶ 2019ರಲ್ಲಿಯೂ, ಹರಿಯಾಣ ಅದರ ಮರುವರ್ಷದಲ್ಲಿಯೂ ಶೇಕಡಾ 75ರ ಕಾಯಿದೆ ಮಾಡಿದುವು. ಹರಿಯಾಣದ ಕಾಯಿದೆಯನ್ನು ಪಂಜಾಬ್ ಮತ್ತು ಹರಿಯಾಣ ಹೈಕೋರ್ಟು 2023ರ ನವೆಂಬರ್ 17ರಂದು ರದ್ದುಮಾಡಿತು. ಆ ಸರ್ಕಾರ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿತು. ಹೀಗಿರುವಲ್ಲಿ ಹುಟ್ಟಿನ ಷರತ್ತಿನ ಮೇಲೆ ಕಟ್ಟಿದ ಕಾಯಿದೆ ಕೋರ್ಟಿನ ಮೊದಲನೆಯ ಮಳೆಗೇ ಕುಸಿಯುವ ಗೋಡೆ. ಕುಸಿದ ಮೇಲೆ ಹುಮನಾಬಾದಿನ ಆ ಹುಡುಗನಿಗೆ ಏನು ದೊರೆಯಿತು? ಭಾಷಣ ದೊರೆಯಿತು, ನೌಕರಿ ದೊರೆಯಲಿಲ್ಲ.

ಹಾಗಾದರೆ ಏನೂ ಮಾಡಬಾರದೆ? ಮಾಡಬೇಕು. ಮಾಡಿ ಗೆದ್ದವರ ಒಂದು ಉದಾಹರಣೆಯನ್ನು ಹೇಳುತ್ತೇನೆ. ಕೆನಡಾ ದೇಶದಲ್ಲಿ ಕ್ವಿಬೆಕ್ ಎಂಬ ಪ್ರಾಂತವಿದೆ. ಅಲ್ಲಿ ಹೆಚ್ಚಿನವರು ಫ್ರೆಂಚ್ ಮಾತಿನವರು. ಸುಮಾರು ಅರವತ್ತು ವರ್ಷಗಳ ಹಿಂದೆ ಅಲ್ಲಿಯ ದೊಡ್ಡ ಕಂಪನಿಗಳ ಮೇಲ್ಮಟ್ಟದಲ್ಲಿ ನಡೆಯುತ್ತಿದ್ದುದು ಇಂಗ್ಲಿಷೇ. ಸ್ವಂತ ನಾಡಿನಲ್ಲಿ ಫ್ರೆಂಚರ ಸಂಪಾದನೆ ಉಳಿದ ಹಲವು ಜನಾಂಗಗಳಿಗಿಂತ ಕೆಳಗಿದ್ದುದನ್ನು ಅಲ್ಲಿಯ ಸರ್ಕಾರಿ ಆಯೋಗವೇ ಲೆಕ್ಕ ಹಾಕಿ ತೋರಿಸಿತು. 1977ರಲ್ಲಿ ಅವರು ಫ್ರೆಂಚ್ ಭಾಷೆಯ ಸನ್ನದು ಎಂಬ ಕಾಯಿದೆ ಮಾಡಿದರು. ಅದರಲ್ಲಿ ಹುಟ್ಟಿದ ಊರಿನ ಮಾತಿಲ್ಲ. ಐವತ್ತು ಮತ್ತು ಅದಕ್ಕಿಂತ ಹೆಚ್ಚು ಕೆಲಸಗಾರರಿರುವ ಕಂಪನಿ ತನ್ನ ವ್ಯವಹಾರವನ್ನು ಫ್ರೆಂಚಿಗೆ ತಂದು ಪ್ರಮಾಣಪತ್ರ ಪಡೆಯಬೇಕೆಂದರು. ಅದಕ್ಕಿಂತ ಮುಖ್ಯವಾಗಿ, ಕೆಲಸದ ಸ್ವರೂಪಕ್ಕೆ ನಿಜವಾಗಿಯೂ ಬೇಕಾದ ಹೊರತು, ಫ್ರೆಂಚಲ್ಲದ ಬೇರೆ ಭಾಷೆ ಬರಬೇಕೆಂದು ಯಾವ ಮಾಲೀಕನೂ ಷರತ್ತು ಹಾಕಕೂಡದೆಂದರು. ಇದಕ್ಕೆ ಬೆಲೆಯನ್ನೂ ತೆತ್ತರು. ಸನ್ ಲೈಫ್ ಎಂಬ ದೊಡ್ಡ ವಿಮಾ ಕಂಪನಿ 1978ರಲ್ಲಿ ತನ್ನ ಮುಖ್ಯ ಕಚೇರಿಯನ್ನು ಮಾಂಟ್ರಿಯಲ್ ನಗರದಿಂದ ಕಿತ್ತು ಟೊರಾಂಟೋ ನಗರಕ್ಕೆ ಒಯ್ದಿತು. ಆದರೂ ಕಾಯಿದೆ ನಿಂತಿತು. ಹೊರಗಿನಿಂದ ಬಂದವರ ಮಕ್ಕಳು ಫ್ರೆಂಚ್ ಶಾಲೆಗೆ ಹೋಗಿ ಫ್ರೆಂಚ್ ಕಲಿತರು. ಹುಮನಾಬಾದಿನ ಹುಡುಗನಿಗೆ ಬೇಕಾಗಿದ್ದುದು ಇಂಥ ಒಂದು ಸಾಲು: ಕೆಲಸಕ್ಕೆ ಬೇಡದ ಭಾಷೆಯನ್ನು ಸಂದರ್ಶನದಲ್ಲಿ ಕೇಳಬಾರದು.

ನಮ್ಮ ಬ್ಯಾಂಕುಗಳಲ್ಲಿಯೂ ಇದರ ಛಾಯೆ ಉಂಟು. ಸರ್ಕಾರಿ ಬ್ಯಾಂಕಿನ ಗುಮಾಸ್ತನು ಯಾವ ರಾಜ್ಯಕ್ಕೆ ಅರ್ಜಿ ಹಾಕುತ್ತಾನೋ ಆ ರಾಜ್ಯದ ಭಾಷೆಯಲ್ಲಿ ಓದು, ಬರಹ, ಮಾತು ಬಲ್ಲವನಾಗಿರಬೇಕು. ನಾನು ತೆಲುಗಿನಲ್ಲಿ ಆ ಪರೀಕ್ಷೆ ಕೊಟ್ಟೇ ಇಲ್ಲಿ ಕುಳಿತವನು. ಹಳ್ಳಿಯಿಂದ ಪಿಂಚಣಿಗೆ ಬಂದ ಅಜ್ಜಿಗೆ ನನ್ನ ತಾಯ್ನುಡಿ ಯಾವುದೆಂಬುದು ಬೇಕಿಲ್ಲ. ತನ್ನ ಮಾತು ನನಗೆ ತಿಳಿಯಿತೇ ಎಂಬುದಷ್ಟೇ ಬೇಕು. ಈ ಷರತ್ತಿನಲ್ಲಿ ನನಗೆ ಅನ್ಯಾಯವೆಂದು ಎಂದೂ ತೋರಲಿಲ್ಲ. ಏಕೆಂದರೆ ಭಾಷೆಯನ್ನು ಕಲಿಯಬಹುದು, ಜನ್ಮಸ್ಥಳವನ್ನು ಕಲಿಯಲಾಗುವುದಿಲ್ಲ. ಆದರೆ ಇದೇ ಗುಮಾಸ್ತರ ಪ್ರವೇಶ ಪರೀಕ್ಷೆಯ ಪ್ರಶ್ನೆಪತ್ರಿಕೆ ಬಹುಕಾಲ ಇಂಗ್ಲಿಷ್ ಹಿಂದಿಗಳಲ್ಲಿ ಮಾತ್ರ ಇದ್ದಿತು. ಹಿಂದಿ ತಾಯ್ನುಡಿಯವನು ತನ್ನ ಭಾಷೆಯಲ್ಲಿ ಓದಿ ಬರೆದರೆ, ಕನ್ನಡದವನು ಪರಭಾಷೆಯಲ್ಲಿ ಬರೆಯಬೇಕು. ಕರ್ನಾಟಕದ ಯುವಕರೂ ಸಂಘಗಳೂ ವರ್ಷಗಟ್ಟಲೆ ಬಿಡದೆ ಕೇಳಿದ ಮೇಲೆ, 2019ರ ಜುಲೈ ತಿಂಗಳಲ್ಲಿ ಗ್ರಾಮೀಣ ಬ್ಯಾಂಕುಗಳ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಪ್ರಾದೇಶಿಕ ಭಾಷೆಗಳಲ್ಲಿ ನಡೆಸುವುದಾಗಿ ಕೇಂದ್ರ ಸರ್ಕಾರ ಸಾರಿತು. 2021ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಬ್ಯಾಂಕುಗಳ ಗುಮಾಸ್ತರ ಪರೀಕ್ಷೆಗೂ ಅದೇ ನಿರ್ಧಾರವಾಯಿತು. ನಿರ್ದಿಷ್ಟವಾದ ಒಂದು ಅನ್ಯಾಯವನ್ನು ಬೆರಳಿಟ್ಟು ತೋರಿಸಿ, ನಿರ್ದಿಷ್ಟವಾದ ಒಂದು ಪರಿಹಾರವನ್ನು ಕೇಳಿದ್ದರಿಂದಲೇ ಅದು ಕೈಗೂಡಿತು.

ಆದುದರಿಂದ ಠರಾವನ್ನು ಕೈಬಿಡಬೇಕೆಂದು ನಾನು ಹೇಳುವುದಿಲ್ಲ, ತಿದ್ದಬೇಕೆಂದು ಹೇಳುತ್ತೇನೆ. ನಾಲ್ಕು ಅಂಶಗಳನ್ನು ಸಭೆಯ ಮುಂದಿಡುತ್ತೇನೆ. ಒಂದು, ಸ್ಥಳೀಯನೆಂಬುದಕ್ಕೆ ಹುಟ್ಟಿನ ಷರತ್ತು ಬೇಡ. ಕನ್ನಡ ಬಲ್ಲವನೂ, ಕರ್ನಾಟಕದಲ್ಲಿ ಕೆಲವು ವರ್ಷ ಓದಿದವನೂ ಆಗಬಹುದು. ಗಡಿನಾಡು ಹೊರನಾಡುಗಳ ಕನ್ನಡದ ಮಕ್ಕಳಿಗೆ ಕನ್ನಡ ಪರೀಕ್ಷೆಯ ದಾರಿ ತೆರೆದಿರಬೇಕು. ಎರಡು, ಸರ್ಕಾರದಿಂದ ನೆಲವನ್ನೋ ತೆರಿಗೆ ರಿಯಾಯಿತಿಯನ್ನೋ ಪಡೆದ ಕಂಪನಿ, ಪ್ರತಿವರ್ಷ ತಾನು ನೇಮಿಸಿಕೊಂಡವರು ಯಾವ ಜಿಲ್ಲೆಯ ಶಾಲೆ ಕಾಲೇಜುಗಳಲ್ಲಿ ಓದಿದವರೆಂಬ ಪಟ್ಟಿಯನ್ನು ಪ್ರಕಟಿಸಬೇಕು. ಇಂದು ನಾವು ಅನ್ಯಾಯವೆನ್ನುತ್ತೇವೆ, ಅವರು ಅರ್ಹತೆಯೆನ್ನುತ್ತಾರೆ. ಇಬ್ಬರ ಕೈಯಲ್ಲಿಯೂ ಲೆಕ್ಕದ ಪುಸ್ತಕವಿಲ್ಲ. ಮೂರು, ಕೆಲಸಕ್ಕೆ ಬೇಡದ ಭಾಷೆಯನ್ನು ನೇಮಕದಲ್ಲಿ ಕೇಳಬಾರದು. ಕೇಳಿದರೆ ದೂರು ಕೊಡಲು ಒಂದು ಜಾಗ ಇರಬೇಕು. ನಾಲ್ಕು, ಮೂರು ವರ್ಷದ ತರಬೇತಿಯ ಮಾತನ್ನು ಬಲಪಡಿಸಿ, ಬೀದರ, ಯಾದಗಿರಿ, ಚಾಮರಾಜನಗರಗಳ ಕಾಲೇಜುಗಳಿಗೂ ಕಂಪನಿಗಳು ಹೋಗಿ ಆರಿಸುವಂತೆ ಮಾಡಬೇಕು.

ಇದು ಸರ್ಕಾರ ಮಾಡಬೇಕಾದ ಕೆಲಸ. ನಾವು ಮಾಡಬೇಕಾದುದೂ ಸ್ವಲ್ಪವಿದೆ. ಅದನ್ನು ಹೇಳಿದರೆ ಕೆಲವರಿಗೆ ಮುನಿಸಾದೀತು, ಆದರೂ ಹೇಳುತ್ತೇನೆ.

ಈ ಸಭೆಯಲ್ಲಿ ಮಾಧಾಪುರ, ಗಚ್ಚಿಬೌಲಿಗಳ ದೊಡ್ಡ ಕಂಪನಿಗಳಲ್ಲಿ ನೇಮಕಾಧಿಕಾರವಿರುವ ಹಿರಿಯರು ಹಲವರಿದ್ದಾರೆ. ಅವರ ಬಳಿಗೆ ಹೋಗಿ ‘ಅಣ್ಣಾವ್ರೆ, ನಮ್ಮ ಹುಡುಗ ಒಬ್ಬ ಇದ್ದಾನೆ, ಸ್ವಲ್ಪ ನೋಡಿ’ ಎಂದು ಕೇಳದವರು ನಮ್ಮಲ್ಲಿ ಕಡಮೆ. ‘ನಮ್ಮ ಹುಡುಗ’ ಎಂಬುದು ಎಷ್ಟು ಸವಿಯಾದ ಮಾತು! ಆದರೆ ಬೆಂಗಳೂರಿನಲ್ಲಿ ಬೇರೆಯವರು ಇದೇ ಮಾತನ್ನು ತಮ್ಮ ಭಾಷೆಯಲ್ಲಿ ಆಡಿದುದರಿಂದಲೇ ಅಲ್ಲವೆ ಕನ್ನಡದ ಹುಡುಗ ಹೊರಗುಳಿದದ್ದು? ಅಲ್ಲಿ ಅದನ್ನು ಪಕ್ಷಪಾತವೆಂದು ಕರೆದು, ಇಲ್ಲಿ ಅಭಿಮಾನವೆಂದು ಕರೆಯುವುದು ಸರಿಯಲ್ಲ. ನಮ್ಮ ಹಿರಿಯರು ನಮ್ಮ ಮಕ್ಕಳಿಗೆ ಮಾಡಬಹುದಾದ ಸಹಾಯ ಬೇರೆಯಿದೆ. ಯಾವ ಹುದ್ದೆ ಖಾಲಿಯಿದೆ, ಅದಕ್ಕೆ ಏನು ಓದಬೇಕು, ಸಂದರ್ಶನದಲ್ಲಿ ಏನು ಕೇಳುತ್ತಾರೆ ಎಂಬುದನ್ನು ತಿಳಿಸಲಿ. ತಿಂಗಳಿಗೆ ಒಂದು ಭಾನುವಾರ ಕುಳಿತು, ಊರಿನಿಂದ ಬಂದ ಹುಡುಗ ಹುಡುಗಿಯರಿಗೆ ಇಂಗ್ಲಿಷಿನಲ್ಲಿ ಅಳುಕಿಲ್ಲದೆ ಮಾತನಾಡುವ ಅಭ್ಯಾಸ ಮಾಡಿಸಲಿ. ಬಾಗಿಲವರೆಗೆ ಕರೆದುಕೊಂಡು ಹೋಗುವುದು ಧರ್ಮ. ಒಳಗಿನ ಕುರ್ಚಿಯನ್ನು ಅವನು ತನ್ನ ಯೋಗ್ಯತೆಯಿಂದಲೇ ಹಿಡಿಯಲಿ.

ಇನ್ನು ಮಕ್ಕಳ ಕನ್ನಡ. ಮುಂದೆ ಎಂಥದೇ ಕಾಯಿದೆ ಬಂದರೂ ಕನ್ನಡ ಓದು ಬರಹ ಬಾರದವನಿಗೆ ಅದು ನೆರಳು ಕೊಡದು. ಬಾಗಿಲ ಮೇಲೆ ಕನ್ನಡದಲ್ಲಿ ಹೆಸರು ಬರೆಸಿದ ಮನೆಯೊಳಗೆ ಆ ಹೆಸರನ್ನು ಓದಲಾರದ ಮಗುವಿದ್ದರೆ ಯಾವ ರಾಜ್ಯೋತ್ಸವವೂ ಸಾರ್ಥಕವಲ್ಲ. ಸಂಘ ವಾರಕ್ಕೆ ಒಂದು ಗಂಟೆಯ ಕನ್ನಡ ತರಗತಿಯನ್ನು ನಡೆಸಲಿ. ಕಲಿಸಲು ನಾನು ನನ್ನ ಭಾನುವಾರಗಳನ್ನು ಕೊಡುತ್ತೇನೆ, ನನ್ನಂತೆ ಇನ್ನೂ ನಾಲ್ಕು ಮಂದಿ ಮುಂದೆ ಬಂದರೆ ಸಾಕು. ಹಾಗೆಯೇ ನಾವು ತೆಲುಗನ್ನೂ ಚೆನ್ನಾಗಿ ಕಲಿಯೋಣ. ಬೆಂಗಳೂರಿನಲ್ಲಿ ಹತ್ತು ವರ್ಷವಿದ್ದು ಕನ್ನಡ ಕಲಿಯದವನನ್ನು ನಾವು ಟೀಕಿಸುತ್ತೇವೆ. ಹೈದರಾಬಾದಿನಲ್ಲಿ ಇಪ್ಪತ್ತು ವರ್ಷವಿದ್ದು ತೆಲುಗಿನ ಬಸ್ಸಿನ ಹಲಗೆ ಓದಲಾರದವನಿಗೆ ಆ ಟೀಕೆ ಮಾಡುವ ಹಕ್ಕಿಲ್ಲ. ಉಂಡ ಮನೆಯ ಭಾಷೆಯನ್ನು ಗೌರವಿಸುವವನು ಹುಟ್ಟಿದ ಮನೆಯ ಭಾಷೆಗೂ ಗೌರವ ತರುತ್ತಾನೆ.

ಸೋದರ ಸೋದರಿಯರೆ, ನಾವು ಎರಡು ದಡಗಳ ನಡುವೆ ಇರುವವರು. ಬೆಂಗಳೂರಿನಲ್ಲಿ ಕನ್ನಡದ ಹುಡುಗ ಪಡುವ ಸಂಕಟವೂ ನಮ್ಮದೇ, ಪರನಾಡಿನಲ್ಲಿ ಹೊರಗಿನವನೆನ್ನಿಸಿಕೊಳ್ಳುವ ಅಳುಕೂ ನಮ್ಮದೇ. ಎರಡನ್ನೂ ಬಲ್ಲವರು ಬರೆದ ಠರಾವಿಗೆ, ಒಂದನ್ನೇ ಬಲ್ಲವರು ಬರೆದುದಕ್ಕಿಂತ ತೂಕ ಹೆಚ್ಚು. ಆ ತೂಕಕ್ಕೆ ತಕ್ಕಂತೆ ಕಾಗದವನ್ನು ತಿದ್ದಿ, ಎಲ್ಲರೂ ಒಮ್ಮತದಿಂದ ಸಹಿ ಮಾಡಿ ಬೆಂಗಳೂರಿಗೆ ಕಳಿಸೋಣವೆಂದು ಸೂಚಿಸುತ್ತೇನೆ. ಮೊದಲನೆಯ ಸಹಿಯನ್ನು ಠರಾವು ತಂದ ಮಿತ್ರರೇ ಹಾಕಬೇಕು. ಈ ಪ್ರಶ್ನೆಯನ್ನು ನಮ್ಮ ಮುಂದೆ ತಂದ ಪುಣ್ಯ ಅವರದು.